ಬಿಸಿ ಎಂಜಿನ್ ಮತ್ತೆ ಹಚ್ಚಿದರೆ ಬಂದ್: ಹಳೆ ಎಸ್ಟೀಮ್, ಸ್ಪೀಡುಯಿನೋ ಇಸಿಯು

ಸ್ಪೀಡುಯಿನೋ ಇಸಿಯು (ಎಂಜಿನ್‌ಗೆ ಎಷ್ಟು ಪೆಟ್ರೋಲ್ ಎಂದು ನಿರ್ಧರಿಸುವ ಓಪನ್ ಸೋರ್ಸ್ ಕಂಪ್ಯೂಟರ್) ಇರುವ ನನ್ನ ಹಳೆ ಮಾರುತಿ ಎಸ್ಟೀಮ್ ಕಾರು ಮುಂಜಾನೆ ಒಂದೇ ಸೆಲ್ಫ್‌ಗೆ ಸ್ಟಾರ್ಟ್. ಕಲಬುರಗಿಯ ಏಪ್ರಿಲ್ ಬಿಸಿಲಲ್ಲಿ ಓಡಿಸಿ, ಸೂಪರ್ ಮಾರ್ಕೆಟ್ ಹತ್ತಿರ ಹತ್ತು ನಿಮಿಷ ನಿಲ್ಲಿಸಿ ಮತ್ತೆ ಹಚ್ಚಿದರೆ ಐಡಲ್ ಕುಸಿದು ಬಂದ್. ಆಕ್ಸಿಲರೇಟರ್ ತುಳಿದು ಹಿಡಿದು ಸ್ವಲ್ಪ ದೂರ ಹೋದರೆ ತಾನೇ ಸರಿ.

ಪ್ಲಗ್, ಪೆಟ್ರೋಲ್ ಪಂಪ್ ಬದಲಿಸಿದ್ದು, ಇಂಜೆಕ್ಟರ್ ಕ್ಲೀನಿಂಗ್, ಯಾವುದೂ ಉಪಯೋಗಕ್ಕೆ ಬರಲಿಲ್ಲ. ವಿಇ ಟೇಬಲ್‌ನ (ಇಸಿಯು ಪೆಟ್ರೋಲ್ ಲೆಕ್ಕ ಹಾಕುವ ಕೋಷ್ಟಕ) ಐಡಲ್ ಸೆಲ್ ಏರಿಸಿದರೆ ಬಿಸಿಯಲ್ಲಿ ನಿಂತಿತು, ಉಳಿದ ಹೊತ್ತು ಹೊಗೆ.

ಸುಳಿವು ಸಿಕ್ಕಿದ್ದು ಇಸಿಯು ಟ್ಯೂನ್ ಮಾಡುವ ಸಾಫ್ಟ್‌ವೇರ್ ಟ್ಯೂನರ್‌ಸ್ಟುಡಿಯೋದ ಲಾಗ್‌ನಲ್ಲಿ. ಹೊರಗೆ 42 ಡಿಗ್ರಿ, ಐಎಟಿ (ಎಂಜಿನ್ ಒಳಗೆ ಹೋಗುವ ಗಾಳಿಯ ಉಷ್ಣತೆ) ಸೆನ್ಸರ್ ತೋರಿಸಿದ್ದು 77. ಅದನ್ನು ಮ್ಯಾನಿಫೋಲ್ಡ್‌ಗೇ (ಸಿಲಿಂಡರ್‌ಗಳಿಗೆ ಗಾಳಿ ಹಂಚುವ ಲೋಹದ ಕೊಳವೆ) ಕೂಡಿಸಿದ್ದರು. ಅದು ಅಳೆಯುತ್ತಿದ್ದುದು ಗಾಳಿಯನ್ನಲ್ಲ, ಕಾದ ಅಲ್ಯೂಮಿನಿಯಂ ಅನ್ನು. ಗಾಳಿ ತೆಳುವಾಗಿದೆ ಎಂದು ನಂಬಿ ಇಸಿಯು ಸುಮಾರು ಶೇ 10 ಪೆಟ್ರೋಲ್ ಕಡಿತ ಮಾಡುತ್ತದೆ (315 ಕೆಲ್ವಿನ್ ಭಾಗ 350).

ಮೊದಲು ಸೆನ್ಸರ್ ಜಾಗ ಬದಲಿಸಿ, ಆಮೇಲೆ ಟ್ಯೂನ್. ತುದಿ ತೆರೆದಿರುವ ಜಿಎಂ ಮಾದರಿಯದನ್ನು ಏರ್ ಫಿಲ್ಟರ್ ಮತ್ತು ಥ್ರಾಟಲ್ ಬಾಡಿ ನಡುವಿನ ರಬ್ಬರ್ ಪೈಪ್‌ನಲ್ಲಿ, ಫಿಲ್ಟರ್ ಕಡೆಗೆ ಹಾಕಿದೆ. ಥರ್ಮಿಸ್ಟರ್ ಕ್ಯಾಲಿಬ್ರೇಶನ್‌ನಲ್ಲಿ ಅದೇ ಮಾದರಿ ಆರಿಸಿ, ಬಯಾಸ್ (ಇಸಿಯು ಒಳಗಿನ ರೆಸಿಸ್ಟರ್) 2490 ಓಮ್ ಎಂದು ಕೊಟ್ಟೆ. ತಣ್ಣನೆ ಎಂಜಿನ್‌ನಲ್ಲಿ ಐಎಟಿ, ಕೂಲಂಟ್ ಎರಡೂ ಒಂದೇ ತೋರಿಸಬೇಕು. ಇಲ್ಲದಿದ್ದರೆ ಮುಂದೆ ಹೋಗಬೇಡಿ. ನಂತರ ಐಎಟಿ ಡೆನ್ಸಿಟಿ ಕರ್ವ್‌ನಲ್ಲಿ (ಗಾಳಿಯ ಉಷ್ಣತೆಗೆ ತಕ್ಕಂತೆ ಪೆಟ್ರೋಲ್ ಹೊಂದಿಸುವ ಪಟ್ಟಿ) 50 ಡಿಗ್ರಿಯ ಬೆಲೆಯನ್ನೇ ಅದರ ಮೇಲಿನ ಸೆಲ್‌ಗಳಿಗೆಲ್ಲ ಬರೆದು ಬರ್ನ್ ಮಾಡಿದೆ (ಇಸಿಯುನಲ್ಲಿ ಉಳಿಸಿದೆ). ಏರಿಸಿದ್ದ ಐಡಲ್ ಸೆಲ್‌ಗಳನ್ನು ಕೊನೆಗೆ ಇಳಿಸಿದೆ.

ಪರೀಕ್ಷೆಗೆ ಬಾನೆಟ್ ಮುಚ್ಚಿಯೇ 15 ನಿಮಿಷ ಬಿಸಿಲಲ್ಲಿ ಬಿಡಿ. ಹಚ್ಚಿದ ಮೇಲೆ ವೈಡ್‌ಬ್ಯಾಂಡ್ (ಗಾಳಿ-ಪೆಟ್ರೋಲ್ ಅನುಪಾತ ತೋರಿಸುವ ಸೆನ್ಸರ್) 16 ದಾಟಿದರೆ, ಅಂದರೆ ಪೆಟ್ರೋಲ್ ಕಡಿಮೆಯಾದರೆ, ಕರ್ವ್‌ನ 50 ಡಿಗ್ರಿ ಮೇಲಿನ ಸೆಲ್‌ಗಳನ್ನು ಶೇ 2ರಂತೆ ಏರಿಸಿ. ನನ್ನದು 14ರ ಆಸುಪಾಸು ನಿಂತಿದೆ.