ಮಳೆಯ ಲೆಕ್ಕಕ್ಕೆ ಕಡಲಿನ ಲೆಕ್ಕವೂ ಸೇರಬೇಕು

ಮಧೂರಿನಿಂದ ಕೆಳಗೆ, ಮೊಗ್ರಾಲ್ ಹೊಳೆ ಕಡಲು ಸೇರುವ ಅಳಿವೆಗೆ ಹತ್ತಿರ ಅಡಿಕೆ ತೋಟ ಮಾಡುವವನಿಗೆ ಮಳೆ ಹೊಸತಲ್ಲ. ಕಾಸರಗೋಡಿನಲ್ಲಿ ವರ್ಷಕ್ಕೆ 3,500 ಮಿ.ಮೀ. ಆಸುಪಾಸು ಸುರಿಯುತ್ತದೆ. ಆದರೆ ತೋಟಕ್ಕೆ ನೆರೆ ಹತ್ತುವುದು ಮಳೆ ಹೆಚ್ಚು ಬಂದ ದಿನವೇ ಅಂತಿಲ್ಲ. ಅಳೆಯತೊಡಗಿದ ಮೇಲೆ ಇದು ಸ್ಪಷ್ಟವಾಯಿತು.

ಮಳೆಮಾಪಕ ನಾನೇ ಮಾಡಿಕೊಂಡದ್ದು. ಎರಡು ಲೀಟರಿನ ಬಾಟಲಿಯ ಕುತ್ತಿಗೆ ಕತ್ತರಿಸಿ, ಅದನ್ನೇ ಕವುಚಿ ಬಾಯಿಗೆ ಕೂರಿಸಿದೆ. ತಳ ಉಬ್ಬುತಗ್ಗು ಇರುತ್ತದಲ್ಲ, ಅದಕ್ಕೆ ಜಲ್ಲಿ ಹಾಕಿ, ಮುಳುಗುವಷ್ಟು ನೀರು ಹೊಯ್ದು, ಆ ಮಟ್ಟಕ್ಕೆ ಸೊನ್ನೆಯ ಗೆರೆ. ಅಲ್ಲಿಂದ ಮೇಲಕ್ಕೆ ಸ್ಕೇಲು. ನಡುವೆ ಸಪೂರವಾದ ಬಾಟಲಿ ಬೇಡ. ಸೋಗೆಯ ಹನಿ ಬೀಳದ ಜಾಗದಲ್ಲಿಡಬೇಕು. ಹವಾಮಾನ ಇಲಾಖೆಯವರಂತೆ ಬೆಳಿಗ್ಗೆ 8.30ಕ್ಕೆ ನೋಡುತ್ತೇನೆ, ಮಳೆ ಜೋರಾದರೆ ಗಂಟೆಗೊಮ್ಮೆ. ಗಂಟೆಯ ಲೆಕ್ಕವೇ ಮುಖ್ಯ. ಇಡೀ ದಿನ ಹನಿದ 100 ಮಿ.ಮೀ.ನಲ್ಲಿ ಎಷ್ಟೋ ಮಣ್ಣಿಗಿಳಿಯುತ್ತದೆ. ಎರಡು ಗಂಟೆಯಲ್ಲಿ ಹೊಯ್ದದ್ದು ಕಣಿ ತುಂಬಿ ಹೊಳೆಗೇ ಓಡುತ್ತದೆ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಶೇ. 7ರಷ್ಟು ಹೆಚ್ಚು ಆವಿ ಹಿಡಿಯಬಲ್ಲದು. ಅರಬ್ಬಿ ಕಡಲೂ ಬಿಸಿಯೇರುತ್ತಿದೆ. ಇಂಥ ಎರಡು ಗಂಟೆಗಳು ಇನ್ನು ಮುಂದೆ ಹೆಚ್ಚುವುದೇ.

ಇನ್ನೊಂದು ಲೆಕ್ಕ ಪಂಚಾಂಗದ್ದು. ಅಮಾವಾಸ್ಯೆ, ಹುಣ್ಣಿಮೆಯ ಸುತ್ತ ಕಡಲಿನ ಉಬ್ಬರ ದೊಡ್ಡದು. ಉಬ್ಬರದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತದೆ. ಗಟ್ಟದ ಕಡೆಯ ನೀರು ಅದೇ ಹೊತ್ತಿಗೆ ಇಳಿದು ಬಂದರೆ ಅಳಿವೆಯಲ್ಲಿ ದಾರಿ ಸಿಗದೆ ತೋಟಕ್ಕೆ ನುಗ್ಗುತ್ತದೆ. ಕಟ್ಟಪುಣಿಯ (ತೋಟದ ಬದಿಯ ಏರಿಯ) ಮುರಕಲ್ಲಿಗೆ ಕೆಂಪು ಗೆರೆ ಎಳೆದಿದ್ದೇನೆ. ನೀರು ಅಲ್ಲಿಗೆ ಮುಟ್ಟುವ ಮೊದಲೇ ದನಗಳು ಗುಡ್ಡೆಗೆ, ಪಂಪು ಬಿಚ್ಚಿ ಮೇಲೆ, ಗೊಬ್ಬರದ ಗೋಣಿ ಅಟ್ಟಕ್ಕೆ.

ಮುಂಬೈಯ ಕುರ್ಲಾದಲ್ಲಿರುವ ಭಾವ ಇದನ್ನು ಕೇಳಿ ನಕ್ಕರು. "ನಿಮ್ಮ ಉಬ್ಬರ ಎರಡು ಮೀಟರೂ ಇಲ್ಲ ಭಾವ, ನಮ್ಮದು ನೋಡಿ." ಹೌದು. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 24 ಗಂಟೆಗೆ 944 ಮಿ.ಮೀ. ಸುರಿದಾಗ ಕಡಲು 4.48 ಮೀಟರ್ ಏರಿತ್ತು. ಅಲ್ಲಿನ ಹಳೆಯ ಚರಂಡಿಗಳು ಗಂಟೆಗೆ 25 ಮಿ.ಮೀ. ಮಳೆಗೆಂದು ಕಟ್ಟಿದವು, ಅದೂ ಇಳಿತದ ಹೊತ್ತಿನ ಲೆಕ್ಕದಲ್ಲಿ. ಮೀಠಿ ನದಿ ಉಕ್ಕಿ ಕುರ್ಲಾ ಮುಳುಗಿತು. ಈಗ ಮಳೆಗಾಲಕ್ಕೆ ಮುಂಚೆ ಪಾಲಿಕೆಯವರು 4.5 ಮೀಟರ್ ದಾಟುವ ಉಬ್ಬರದ ದಿನಗಳ ಪಟ್ಟಿ ಹೊರಡಿಸುತ್ತಾರೆ. ಭಾವ ಅದನ್ನು ಫ್ರಿಜ್ಜಿಗೆ ಅಂಟಿಸಿದ್ದಾರೆ. ಒಳ್ಳೆಯದೇ. ಆದರೆ 2005ರ ಉಬ್ಬರ ಆ ಪಟ್ಟಿಯೊಳಗೇ ಬರುತ್ತಿರಲಿಲ್ಲ, 2 ಸೆಂಟಿಮೀಟರ್ ಕಡಿಮೆ. "ಪಟ್ಟಿಯಲ್ಲಿಲ್ಲದ ದಿನವೂ ಗಂಟೆಯ ಮಳೆ ನೋಡಿಯೇ ಸ್ಕೂಟರ್ ರಸ್ತೆಗೆ ಇಳಿಸಿ ಭಾವ" ಅಂದಿದ್ದೇನೆ.