ನೀರಿನ ಪಕ್ಕ ಕೂತು ಚಿತ್ರ ಬರೆಯುವುದು ಹೇಗೆ?

ನೀರಿನ ದಡದಲ್ಲಿರುವ ಕಲಾ ರೆಸಿಡೆನ್ಸಿಯೊಂದರಲ್ಲಿ (ಕಲಾವಿದರು ಕೆಲವು ಕಾಲ ಉಳಿದು ಕೆಲಸ ಮಾಡುವ ಜಾಗ) ನಿಮಗೆ ಕೆಲವು ವಾರ ಸಿಕ್ಕಿವೆ ಅಂದುಕೊಳ್ಳಿ. ಹೋದ ದಿನವೇ ಬಣ್ಣ ಬಿಚ್ಚಬೇಡಿ. ಎರಡು ದಿನ ಸುಮ್ನೆ ದಡದಲ್ಲಿ ಓಡಾಡಿ.

ಆಮೇಲೆ ಒಂದು ಜಾಗ ಆರಿಸಿ. ಒಂದೇ ಸಾಕು. ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಅಲ್ಲಿಗೇ ಹೋಗಿ ಅಂಗೈಯಗಲದ ಸ್ಕೆಚ್ ಮಾಡಿ. ಪೆನ್ಸಿಲ್ಲೇ ಸಾಕು. ಪಕ್ಕದಲ್ಲಿ ಹೊತ್ತು, ಗಾಳಿ, ಮೋಡ ಬರೆದಿಡಿ.

ಕೂರುವ ಎತ್ತರವೂ ಮುಖ್ಯ. ಎತ್ತರದಿಂದ ನೋಡಿದರೆ ಕಾಲ ಬುಡದ ನೀರಿನಲ್ಲಿ ತಳದ ಕಲ್ಲು ಕಾಣುತ್ತದೆ. ಕಣ್ಣು ನೀರಿಗೆ ಹತ್ತಿರವಾದಷ್ಟೂ ಆಕಾಶವೇ ಜಾಸ್ತಿ ಕಾಣುತ್ತದೆ. ಫ್ರಾನ್ಸಿನ ಚಿತ್ರಕಾರ ಡೊಬಿನಿ 1857ರಲ್ಲಿ ಒಂದು ದೋಣಿಯನ್ನೇ ಸ್ಟುಡಿಯೋ ಮಾಡಿಕೊಂಡ. ಮುಂದೆ ಅದೇ ದೇಶದ ಚಿತ್ರಕಾರ ಮೋನೆಯೂ ಹಾಗೇ ಮಾಡಿದ. ಮೋನೆ ದೋಣಿಯಲ್ಲಿ ಕೂತು ಚಿತ್ರ ಬರೆಯುವುದನ್ನು ಮಾನೆ ಎಂಬ ಇನ್ನೊಬ್ಬ ಚಿತ್ರಕಾರ 1874ರಲ್ಲಿ ಚಿತ್ರಿಸಿದ್ದಾನೆ.

ಈಗ ಪ್ರತಿಬಿಂಬ. ಹೆಚ್ಚಿನವರು ಎಡವುವುದು ಇಲ್ಲೇ. ಮರದ ನೆರಳು ಸೂರ್ಯ ಇರುವ ದಿಕ್ಕಿಗೆ ತಕ್ಕಂತೆ ಓರೆಯಾಗಿ ಬೀಳುತ್ತದೆ. ಪ್ರತಿಬಿಂಬ ಮಾತ್ರ ಯಾವಾಗಲೂ ಮರದ ಕೆಳಗೆ ನೇರವಾಗಿ, ನಿಮ್ಮ ಕಡೆಗೇ ಇಳಿಯುತ್ತದೆ. ಅದು ಮೇಲಿನ ಚಿತ್ರವನ್ನು ತಲೆಕೆಳಗು ಮಾಡಿದ್ದೂ ಅಲ್ಲ. ದಡದಿಂದ ಕಾಣದ ಸೇತುವೆಯ ಅಡಿಭಾಗ ನೀರಿನಲ್ಲಿ ಕಾಣುತ್ತದೆ, ಗಮನಿಸಿ ನೋಡಿ. ಬಣ್ಣದಲ್ಲೂ ವ್ಯತ್ಯಾಸ ಇದೆ. ಸಾಮಾನ್ಯವಾಗಿ ಕಪ್ಪಾದದ್ದು ನೀರಿನಲ್ಲಿ ಸ್ವಲ್ಪ ತಿಳಿಯಾಗುತ್ತದೆ, ಬೆಳ್ಳಗಿನದು ಸ್ವಲ್ಪ ಮಂಕಾಗುತ್ತದೆ. ಸಣ್ಣ ಗಾಳಿ ಬೀಸಿದರೂ ಪ್ರತಿಬಿಂಬ ಉದ್ದವಾಗಿ, ಅಂಚು ಚೂರುಚೂರಾಗುತ್ತದೆ. ಆ ಚೂರುಗಳನ್ನು ಅಡ್ಡಗೆರೆಗಳಲ್ಲೇ ಹಿಡಿಯಿರಿ.

ಇಷ್ಟು ಕಣ್ಣಿಗೆ ಬಿದ್ದ ಮೇಲೆ ಬಣ್ಣ ತೆಗೆಯಿರಿ. ಜಲವರ್ಣಕ್ಕೆ 300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ ತೂಗುವ) ದಪ್ಪ ಹಾಳೆ ಒಳ್ಳೆಯದು, ತೆಳು ಹಾಳೆ ಒದ್ದೆಯಾದರೆ ಸುಕ್ಕಾಗುತ್ತದೆ. ನಾಲ್ಕೂ ಬದಿಗೆ ಟೇಪ್ ಹಾಕಿ ಹಲಗೆಗೆ ಅಂಟಿಸಿ. ನೀರ ಮೇಲಿನ ಹೊಳಪಿನ ಜಾಗದಲ್ಲಿ ಹಾಳೆಯ ಬಿಳಿಯನ್ನೇ ಉಳಿಸಿ, ಆಮೇಲೆ ಬಿಳಿ ಬಣ್ಣ ಹಚ್ಚಿದರೆ ಆ ಬೆಳಕು ಬರುವುದಿಲ್ಲ. ತೇವದ ಗಾಳಿಯಲ್ಲಿ ಬಣ್ಣ ನಿಧಾನ ಒಣಗುತ್ತದೆ. ಹಾಗಾಗಿ ಎರಡು ಹಾಳೆ ಜೊತೆಗೆ ನಡೆಸಿ.

ಎರಡು ಗಂಟೆ ಆಯಿತೇ? ನಿಲ್ಲಿಸಿ. ಬೆಳಕು ಅಷ್ಟರಲ್ಲಿ ಬದಲಾಗಿರುತ್ತದೆ. ನಾಳೆ ಅದೇ ಹೊತ್ತಿಗೆ ಬಂದು ಮುಂದುವರಿಸಿ. ಒಂದು ದಿನದ ಪ್ರವಾಸದಲ್ಲಿ ಇದು ಸಿಗುವುದಿಲ್ಲ, ಅಲ್ವಾ? ದೊಡ್ಡ ಚಿತ್ರವನ್ನು ಕೊನೆಯ ವಾರಕ್ಕೆ ಇಟ್ಟುಕೊಳ್ಳಿ.

ಇನ್ನೊಂದು ಮಾತು. ಬ್ರಷ್ ತೊಳೆದ ನೀರನ್ನು ದಯವಿಟ್ಟು ಹೊಳೆಗೆ, ಕೆರೆಗೆ ಚೆಲ್ಲಬೇಡಿ. ಕ್ಯಾಡ್ಮಿಯಂ, ಕೋಬಾಲ್ಟ್‌ನಂಥ ಲೋಹ ಇರುವ ಬಣ್ಣಗಳು ಮೀನುಗಳಿಗೆ ಹಾನಿ ಮಾಡಬಹುದು. ಮುಚ್ಚಳದ ಡಬ್ಬಿಯಲ್ಲಿ ತುಂಬಿ ವಾಪಸ್ ತನ್ನಿ.