ಹೊಸಬರಿಗೆ ಮಾರ್ಗದರ್ಶಿ: ಮೋಡೆಮ್‌ನಲ್ಲಿ ಲೈಟ್ ಇದೆ, ರೂಟರ್‌ಗೆ ನೆಟ್ ಇಲ್ಲ

ಚಿಕ್ಕಮಗಳೂರಿಗೆ ವರ್ಗವಾಗಿ ಬಂದವರು, ಮನೆಯಿಂದಲೇ ಕೆಲಸ ಅಂತ ಬೆಂಗಳೂರು ಬಿಟ್ಟು ಬಂದವರು, ಮನೆ ಹಿಡಿದ ಕೂಡಲೇ ಸಂಘದವರನ್ನು ಕೇಳುವುದು ಗ್ಯಾಸ್, ನೀರು, ಸ್ಕೂಲಿನ ವಿಷಯ. ಅದಾದ ಮೇಲೆ ಬರುವುದು ಇದು: ‘ಕೇಬಲ್‌ನವರು ಮೋಡೆಮ್ ಹಾಕಿ ಹೋದರು. ನಮ್ಮ ರೂಟರ್ ಹಾಕಿದರೆ ನೆಟ್ ಬರ್ತಿಲ್ಲ. ರೂಟರ್ ಹಾಳಾಗಿದೆಯಾ?’

ಬಹಳ ಸಲ ಹಾಳಾಗಿರುವುದಿಲ್ಲ. ಮೋಡೆಮ್ ಅಂದರೆ ಹೊರಗಿನ ಲೈನ್ ಹಿಡಿಯುವ ಬಾಕ್ಸ್, ರೂಟರ್ ಅಂದರೆ ಆ ನೆಟ್ಟನ್ನು ಮನೆಯ ಫೋನ್, ಲ್ಯಾಪ್‌ಟಾಪ್‌ಗಳಿಗೆ ಹಂಚುವ ಬಾಕ್ಸ್. ಹೊಸದಕ್ಕೆ ದುಡ್ಡು ಹಾಕುವ ಮೊದಲು ಇಲ್ಲಿ ಬರೆದಿರುವುದನ್ನು ಮಾಡಿ ನೋಡಿ. ರೂಟರ್ ಹಿಂದಿರುವ ರೀಸೆಟ್ ಬಟನ್ನನ್ನು ಮಾತ್ರ ಈಗಲೇ ಒತ್ತಬೇಡಿ. ಅದರಲ್ಲಿರುವ ಯೂಸರ್‌ನೇಮ್, ಪಾಸ್‌ವರ್ಡ್ ಎಲ್ಲ ಅಳಿಸಿಹೋಗುತ್ತದೆ. ಆಮೇಲೆ ಒಂದು ತೊಂದರೆ ಇದ್ದದ್ದು ಎರಡಾಗುತ್ತದೆ.

ಮೊದಲು ಮನೆಯೊಳಗೆ ಬಂದಿರುವ ವೈರ್ ನೋಡಿ. ಟಿವಿ ಕೇಬಲ್ ತರಹ ದಪ್ಪ ವೈರ್, ತುದಿಯಲ್ಲಿ ತಿರುಗಿಸಿ ಬಿಗಿ ಮಾಡುವ ಲೋಹದ ಪಿನ್ ಇದ್ದರೆ ಅದು ಕೇಬಲ್ ಮೋಡೆಮ್‌ನದು. ತೆಳ್ಳಗಿನ ವೈರ್, ತುದಿಯಲ್ಲಿ ಪ್ಲಾಸ್ಟಿಕ್ ಪಿನ್ ಇದ್ದರೆ ಅದು ಫೈಬರ್. ಹಳೇ ಮನೆಯಲ್ಲಿ ಫೈಬರ್ ಕಂಪನಿ ಕೊಟ್ಟಿದ್ದ ಬಾಕ್ಸನ್ನೇ ತಂದು ಇಲ್ಲಿ ರೂಟರ್ ಅಂತ ಹಾಕಲು ನೋಡುವವರಿದ್ದಾರೆ. ಅಂಥ ಬಾಕ್ಸ್‌ಗಳಲ್ಲಿ ಎಷ್ಟೋ ಬಾರಿ ಪ್ರತ್ಯೇಕ ವ್ಯಾನ್ ಪೋರ್ಟೇ (ಹೊರಗಿನಿಂದ ಬರುವ ನೆಟ್ ವೈರ್ ಸಿಕ್ಕಿಸುವ ಜಾಗ) ಇರುವುದಿಲ್ಲ. ಇದ್ದರೂ ಕಂಪನಿಯವರು ಲಾಕ್ ಮಾಡಿರಬಹುದು. ನಿಮ್ಮದು ಅಂಥದ್ದಾದರೆ ಬೇರೆ ರೂಟರ್ ತೆಗೆದುಕೊಳ್ಳುವುದೇ ಸರಿ. ಮಾಮೂಲಿ ರೂಟರ್ ಆಗಿದ್ದರೆ, ಮೋಡೆಮ್‌ನಿಂದ ಬರುವ ವೈರ್ ಬೇರೆ ಬಣ್ಣದ ವ್ಯಾನ್ ಪೋರ್ಟ್‌ಗೆ ಹೋಗಿದೆಯಾ ನೋಡಿ. ಪಕ್ಕದಲ್ಲಿ ಮನೆಯೊಳಗಿನ ಸಾಧನಗಳಿಗೆಂದು ಇರುವ ನಾಲ್ಕು ಲ್ಯಾನ್ ಪೋರ್ಟ್‌ಗಳಲ್ಲಿ ಒಂದಕ್ಕೆ ಹಾಕಿಬಿಟ್ಟಿರುವುದು ತುಂಬಾ ಸಾಮಾನ್ಯ.

ಇನ್ನು ಮುಖ್ಯ ಪರೀಕ್ಷೆ. ಮೋಡೆಮ್‌ನ ಆನ್‌ಲೈನ್ ಲೈಟ್ ಮಿಣುಕದೆ ಉರಿಯುತ್ತಿದೆಯಾ? ಮಿಣುಕುತ್ತಲೇ ಇದ್ದರೆ ತೊಂದರೆ ಮೋಡೆಮ್‌ಗೆ ಬರುವ ಲೈನಿನಲ್ಲಿದೆ, ರೂಟರ್ ಮುಟ್ಟಿ ಪ್ರಯೋಜನವಿಲ್ಲ. ಉರಿಯುತ್ತಿದ್ದರೆ ರೂಟರ್ ಬಿಚ್ಚಿ, ಮೋಡೆಮ್ ಆಫ್ ಮಾಡಿ, ಲ್ಯಾಪ್‌ಟಾಪನ್ನು ಲ್ಯಾನ್ ವೈರ್‌ನಲ್ಲಿ ನೇರವಾಗಿ ಮೋಡೆಮ್‌ಗೆ ಹಾಕಿ, ಮತ್ತೆ ಆನ್ ಮಾಡಿ. ಲ್ಯಾಪ್‌ಟಾಪ್‌ನಲ್ಲಿ ನೆಟ್ ಬಂತು ಅಂದರೆ ಲೈನ್ ಸರಿ, ಮೋಡೆಮ್ ಸರಿ. ಆಗ ತೊಂದರೆ ಮೋಡೆಮ್ ಮತ್ತು ರೂಟರ್ ನಡುವಿನದು.

ಆ ನಡುವೆ ಆಗುವ ತೊಂದರೆಗಳಲ್ಲಿ ಹೆಚ್ಚು ಜನರನ್ನು ಕಾಡುವುದು ಒಂದೇ. ಕೇಬಲ್ ಮೋಡೆಮ್ ಆನ್ ಆದ ಮೇಲೆ ತನಗೆ ಮೊದಲು ಸಿಕ್ಕಿದ ಸಾಧನದ ಮ್ಯಾಕ್ ವಿಳಾಸವನ್ನು (ಪ್ರತಿ ಸಾಧನಕ್ಕೂ ಇರುವ ಗುರುತಿನ ಸಂಖ್ಯೆ) ನೆನಪಿಟ್ಟುಕೊಳ್ಳುತ್ತದೆ. ಮನೆ ಸಂಪರ್ಕದಲ್ಲಿ ಸಾಮಾನ್ಯವಾಗಿ ಒಂದೇ ಸಾಧನಕ್ಕೆ ಅವಕಾಶ. ಕನೆಕ್ಷನ್ ಕೊಡಲು ಬಂದ ಹುಡುಗ ತನ್ನ ಲ್ಯಾಪ್‌ಟಾಪ್ ಹಾಕಿ, ಸ್ಪೀಡ್ ತೋರಿಸಿ ಹೋಗಿರುತ್ತಾನೆ ಅಲ್ವಾ? ಮೋಡೆಮ್ ಇನ್ನೂ ಆ ಲ್ಯಾಪ್‌ಟಾಪನ್ನೇ ಹಿಡಿದುಕೊಂಡಿರುತ್ತದೆ. ನಿಮ್ಮ ರೂಟರ್ ಎಷ್ಟು ಕೇಳಿದರೂ ಅದಕ್ಕೆ ಐಪಿ ವಿಳಾಸ (ನೆಟ್ ಬರಲು ಬೇಕಾದ ನಂಬರ್) ಸಿಗುವುದಿಲ್ಲ. ಲ್ಯಾಪ್‌ಟಾಪ್ ತೆಗೆದು ರೂಟರ್ ಹಾಕಿದಾಗಲೂ ಇದೇ ಕಥೆ. ಸಾಧನ ಬದಲಾಯಿಸಿದಾಗಲೆಲ್ಲ ಮೋಡೆಮ್ ಆಫ್ ಮಾಡಿ ಆನ್ ಮಾಡಲೇಬೇಕು.

ಇಲ್ಲಿ ನಮ್ಮೂರಿನ ಒಂದು ವಿಷಯ ಗಮನಿಸಿ. ಕರೆಂಟ್ ಹೋಗಿ ಬರುವುದು ಜಾಸ್ತಿ ಅಂತ ಅನೇಕರು ಮೋಡೆಮ್‌ಗೆ ಪುಟ್ಟ ಯುಪಿಎಸ್ ಹಾಕಿಸಿರುತ್ತಾರೆ, ಇಲ್ಲವೇ ಆ ಪ್ಲಗ್ ಇನ್ವರ್ಟರ್ ಲೈನಿನಲ್ಲಿರುತ್ತದೆ. ಯುಪಿಎಸ್ ಇದ್ದರೆ ಗೋಡೆಯ ಸ್ವಿಚ್ ಆಫ್ ಮಾಡಿದರೂ ಮೋಡೆಮ್ ಆಫ್ ಆಗುವುದಿಲ್ಲ. ಇನ್ವರ್ಟರ್ ಇದ್ದರೆ ಮೇನ್ ಇಳಿಸಿದರೂ ಅಷ್ಟೇ. ಹಾಗಾಗಿ ಅಡಾಪ್ಟರ್‌ನ ಪಿನ್ನನ್ನು ಮೋಡೆಮ್‌ನಿಂದಲೇ ಕೀಳಿ. ಎಲ್ಲ ಲೈಟ್ ಆರಿದ್ದನ್ನು ಕಣ್ಣಾರೆ ನೋಡಿ. ರೂಟರ್ ಪಿನ್ನೂ ಕೀಳಿ. ಎರಡು ನಿಮಿಷ ಬಿಡಿ. ಮೊದಲು ಮೋಡೆಮ್ ಒಂದನ್ನೇ ಆನ್ ಮಾಡಿ, ಆನ್‌ಲೈನ್ ಲೈಟ್ ಮಿಣುಕದೆ ಉರಿಯುವ ತನಕ ಕಾಯಿರಿ. ಐದು ನಿಮಿಷ ಹಿಡಿದರೂ ಗಾಬರಿ ಬೇಡ. ಆಮೇಲೆ ರೂಟರ್ ಆನ್ ಮಾಡಿ. ಎರಡನ್ನೂ ಒಟ್ಟಿಗೆ ಆನ್ ಮಾಡಿದರೆ, ಮೋಡೆಮ್ ಸಿದ್ಧವಾಗುವ ಮೊದಲೇ ರೂಟರ್ ವಿಳಾಸ ಕೇಳಿ, ಸಿಗದೆ ಸುಮ್ನೆ ಕೂತುಬಿಡುವುದುಂಟು.

ಇಷ್ಟು ಮಾಡಿಯೂ ಬರಲಿಲ್ಲ ಅಂದರೆ, ಕೇಬಲ್‌ನವರು ತಮ್ಮ ಕಡೆಯ ಸಿಸ್ಟಮ್‌ನಲ್ಲೇ ಆ ಹಳೇ ಮ್ಯಾಕ್ ಬರೆದಿಟ್ಟಿರಬಹುದು. ಫೋನ್ ಮಾಡಿದರೆ ಬದಲಾಯಿಸಿ ಕೊಡುತ್ತಾರೆ. ಭಾನುವಾರ, ಹಬ್ಬದ ದಿನ ಫೋನ್ ಎತ್ತದಿದ್ದರೆ ಇನ್ನೊಂದು ದಾರಿ ಇದೆ: ಲ್ಯಾಪ್‌ಟಾಪ್‌ಗೆ ನೇರವಾಗಿ ನೆಟ್ ಬರುತ್ತಿದ್ದರೆ, ಬ್ರೌಸರ್‌ನಲ್ಲಿ ತೆರೆಯುವ ರೂಟರ್ ಸೆಟ್ಟಿಂಗ್ ಪುಟದಲ್ಲಿ ‘ಮ್ಯಾಕ್ ಕ್ಲೋನ್’ ಎಂಬ ಆಯ್ಕೆ ಹುಡುಕಿ, ಲ್ಯಾಪ್‌ಟಾಪ್‌ನ ಲ್ಯಾನ್ ಮ್ಯಾಕ್ ಅಲ್ಲಿ ಹಾಕಿ. ವೈಫೈ ಮ್ಯಾಕ್ ಬೇರೆ ಇರುತ್ತದೆ, ಅದನ್ನು ಹಾಕಿದರೆ ಆಗದು.

ಬೇರೆ ಊರಿನಿಂದ ತಂದ ರೂಟರ್‌ನಲ್ಲಿ ಇನ್ನೊಂದು ತೊಡಕು ಅಡಗಿರುತ್ತದೆ. ಹಳೇ ಕಂಪನಿಯ ಪಿಪಿಪಿಒಇ (ಯೂಸರ್‌ನೇಮ್, ಪಾಸ್‌ವರ್ಡ್ ಹಾಕಿ ನೆಟ್‌ಗೆ ಲಾಗಿನ್ ಆಗುವ ವಿಧಾನ) ಯೂಸರ್‌ನೇಮ್ ಅದರಲ್ಲೇ ಕೂತಿರುತ್ತದೆ. ಕೇಬಲ್ ಮೋಡೆಮ್‌ಗೆ ಹೆಚ್ಚಾಗಿ ‘ಡೈನಮಿಕ್ ಐಪಿ’ (ವಿಳಾಸ ತಾನಾಗಿಯೇ ಸಿಗುವ ವಿಧಾನ) ಸಾಕು, ಪಾಸ್‌ವರ್ಡ್ ಬೇಕಿಲ್ಲ. ಆದರೆ ಕೆಲವು ಆಪರೇಟರ್‌ಗಳು ಪಿಪಿಪಿಒಇ ಇಟ್ಟಿರುತ್ತಾರೆ. ಕನೆಕ್ಷನ್ ಕೊಡುವ ದಿನವೇ ಯಾವುದು ಅಂತ ಕೇಳಿ, ಯೂಸರ್‌ನೇಮ್ ಪಾಸ್‌ವರ್ಡ್ ಇದ್ದರೆ ಬರೆಸಿಕೊಂಡು ಆ ಚೀಟಿಯನ್ನು ರೂಟರ್ ಅಡಿಗೆ ಅಂಟಿಸಿ.

ರೂಟರ್ ಸೆಟ್ಟಿಂಗ್ ಪುಟದಲ್ಲಿ ವ್ಯಾನ್ ಐಪಿ ಏನು ಅಂತ ನೋಡಿದರೆ ಅರ್ಧ ಉತ್ತರ ಸಿಕ್ಕಿದ ಹಾಗೆ. 0.0.0.0 ಅಂತಿದ್ದರೆ ಏನೂ ಸಿಕ್ಕಿಲ್ಲ. 192.168.100 ಅಂತ ಶುರುವಾದರೆ ಸಾಮಾನ್ಯವಾಗಿ ಮೋಡೆಮ್ ಇನ್ನೂ ಲೈನ್ ಹಿಡಿದಿಲ್ಲ. 192.168.0 ಅಥವಾ 192.168.1 ಅಂತ ಬಂದರೆ ನಿಮಗೆ ಕೊಟ್ಟಿರುವ ಮೋಡೆಮ್ ಒಳಗೇ ಒಂದು ರೂಟರ್ ಇದೆ. ನಿಮ್ಮ ರೂಟರ್‌ನ ವಿಳಾಸವೂ ಅದೇ ಸಾಲಿನದಾದರೆ ಎರಡಕ್ಕೂ ತಿಕ್ಕಾಟ. ನಿಮ್ಮದನ್ನು 192.168.10.1ಕ್ಕೆ ಬದಲಾಯಿಸಿ. ಅದಕ್ಕಿಂತ ಸುಲಭ, ಅದನ್ನು ಆ್ಯಕ್ಸೆಸ್ ಪಾಯಿಂಟ್ ಮೋಡ್‌ಗೆ (ಬರೀ ವೈಫೈ ಹಂಚುವ ಹಾಗೆ) ಹಾಕುವುದು.

ಆನ್‌ಲೈನ್ ಲೈಟೇ ಮಿಣುಕುವುದು ಬಿಟ್ಟು ಸ್ಥಿರವಾಗಿ ಉರಿಯದಿದ್ದರೆ ವೈರ್ ಕಡೆ ಹೋಗಿ. ಹಿಂದಿನ ಬಾಡಿಗೆಯವರು ಟಿವಿಗೆಂದು ಹಾಕಿಸಿದ್ದ ಸ್ಪ್ಲಿಟರ್ (ಒಂದು ವೈರನ್ನು ಎರಡು ಮೂರಾಗಿ ಹಂಚುವ ಡಬ್ಬಿ) ಇನ್ನೂ ಇರಬಹುದು. ಎರಡು ದಾರಿಯ ಸ್ಪ್ಲಿಟರ್ ಒಂದೇ ಸುಮಾರು 3.5 ಡೆಸಿಬಲ್, ಅಂದರೆ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಸಿಗ್ನಲ್ ತಿನ್ನುತ್ತದೆ. ಹಳೇ ಟಿವಿ ಬೂಸ್ಟರ್ ಇದ್ದರೆ ಇನ್ನೂ ಕಷ್ಟ, ಸಿಗ್ನಲ್ ಒಳಗೆ ಬಂದರೂ ಮೋಡೆಮ್‌ನ ಉತ್ತರ ವಾಪಸ್ ಹೋಗಲು ಬಿಡುವುದಿಲ್ಲ. ಎಲ್ಲ ತೆಗೆದು, ಹೊರಗಿನ ವೈರ್ ನೇರವಾಗಿ ಮೋಡೆಮ್‌ಗೆ ಹಾಕಿ ನೋಡಿ. ಮಳೆಗಾಲದಲ್ಲಿ ಆ ತಿರುಗುವ ಪಿನ್ ಬಿಚ್ಚಿ ಒಳಗೆ ನೋಡಿ. ನಡುವಿನ ತಂತಿ ಹೊಳೆಯಬೇಕು. ಹಸಿರುಗಟ್ಟಿದ್ದರೆ, ಕಪ್ಪಾಗಿದ್ದರೆ, ಬೆರಳಿಗೆ ತೇವ ತಾಗಿದರೆ ನೀರು ಒಳಗೆ ಇಳಿದಿದೆ. ಒರೆಸಿ ಹಾಕಿದರೆ ಎರಡು ದಿನ ನಡೆಯಬಹುದು, ಆದರೆ ಹೊಸ ಪಿನ್ ಹಾಕಿಸಲೇಬೇಕು. ವೈರ್ ಗೋಡೆಯೊಳಗೆ ಬರುವ ಮೊದಲು ಹೊರಗೆ ಸ್ವಲ್ಪ ಕೆಳಕ್ಕೆ ಜೋತುಬಿಡಲು ಹೇಳಿ. ನೀರು ಆ ಬಾಗಿನಲ್ಲೇ ತೊಟ್ಟಿಕ್ಕಿ ಹೋಗುತ್ತದೆ.

ಗಾಳಿಮಳೆಗೆ ಕೊಂಬೆ ಬಿದ್ದು ಇಡೀ ಬೀದಿಗೆ ನೆಟ್ ಹೋಗುವುದೂ ಇದೆ. ಪಕ್ಕದ ಮನೆಯವರನ್ನು ಒಂದು ಮಾತು ಕೇಳಿ. ಕರೆಂಟೂ ಇಲ್ಲದಿದ್ದರೆ ಇಲ್ಲಿ ಬೆಸ್ಕಾಂ ಅಲ್ಲ, ಮೆಸ್ಕಾಂ. ನಂಬರ್ ಮಾತ್ರ ಅದೇ 1912.

ಕೇಬಲ್‌ನವರಿಗೆ ಫೋನ್ ಮಾಡುವಾಗ ಬರೀ ‘ನೆಟ್ ಬರ್ತಿಲ್ಲ’ ಅನ್ನಬೇಡಿ. ‘ಅಣ್ಣಾ, ಆನ್‌ಲೈನ್ ಲೈಟ್ ಮಿಣುಕದೆ ಉರೀತಿದೆ. ಲ್ಯಾಪ್‌ಟಾಪ್ ನೇರ ಹಾಕಿದರೆ ಬರುತ್ತೆ, ರೂಟರ್ ಹಾಕಿದರೆ ಬರಲ್ಲ. ಪಿನ್ ಕಿತ್ತು ಆಫ್ ಮಾಡಿ ನೋಡಿದೀನಿ. ಮ್ಯಾಕ್ ಬದಲಾಯಿಸಿ ಕೊಡ್ತೀರಾ?’ ಅನ್ನಿ. ಮನೆಗೆ ಬರದೆ, ಕೂತಲ್ಲಿಂದಲೇ ಸರಿ ಮಾಡಬಹುದಾದ ಕೆಲಸ ಅಂತ ಅವರಿಗೆ ಕೂಡಲೇ ಗೊತ್ತಾಗುತ್ತದೆ.

ಏಪ್ರಿಲ್, ಮೇ ತಿಂಗಳ ಸಂಜೆ ಮಳೆಯಲ್ಲಿ ಗುಡುಗು ಸಿಡಿಲು ಜೋರು. ಪ್ಲಗ್ ಕಿತ್ತರಷ್ಟೇ ಸಾಲದು, ಸಿಡಿಲಿನ ಹೊಡೆತ ಕೇಬಲ್ ವೈರ್ ಮೂಲಕವೂ ಬಂದು ಮೋಡೆಮ್, ರೂಟರ್ ಎರಡನ್ನೂ ಸುಡಬಹುದು. ಮೋಡ ಕಟ್ಟುತ್ತಿದ್ದಂತೆಯೇ ಅಡಾಪ್ಟರ್, ಕೇಬಲ್ ಪಿನ್, ಲ್ಯಾನ್ ವೈರ್ ಮೂರನ್ನೂ ಬಿಚ್ಚಿಡಿ. ಗುಡುಗು ಶುರುವಾಗಿಬಿಟ್ಟಿದ್ದರೆ ವೈರ್ ಮುಟ್ಟಲು ಹೋಗಬೇಡಿ, ಮಕ್ಕಳನ್ನೂ ಕಳಿಸಬೇಡಿ. ಮೋಡೆಮ್ ಹೋದರೆ ಇನ್ನೊಂದು ತರಬಹುದು.